ಟಾನಿಕ್‌ಗಿಂತ ಮೊದಲು ನೀರು: ನಾನು ಜಿನ್ ಆರಿಸಲು ಕಲಿತ ಬಗೆ

ನಾನು ಮೊದಲ ಸಲ ಜಿನ್ ಕೊಂಡಿದ್ದು ಬಾಟಲಿಯ ಅಂದ ನೋಡಿ. ತಿಳಿ ಗುಲಾಬಿ ಬಣ್ಣ, ಲೇಬಲ್ ಮೇಲೆ ಹೂಬಳ್ಳಿ. ನಮ್ಮ ಏರಿಯಾದ ಎಂಆರ್‌ಪಿ ಅಂಗಡಿಯಲ್ಲಿ ವಿಸ್ಕಿಗೆ ಎರಡು ಗೋಡೆ, ರಮ್ಮಿಗೆ ಅರ್ಧ ಗೋಡೆ, ಜಿನ್ನಿಗೆ ಫ್ರಿಜ್ ಪಕ್ಕದ ಮೂಲೆ. ಇದ್ದ ಏಳೆಂಟು ಬಾಟಲಿಯಲ್ಲಿ ಅದೇ ಕಣ್ಣಿಗೆ ಬಿತ್ತು. ಮನೆಗೆ ತಂದು ಟಾನಿಕ್, ಅಂದರೆ ಜಿನ್ನಿಗೆ ಬೆರೆಸುವ ಕಹಿ-ಸಿಹಿ ಸೋಡಾ, ಸುರಿದು ಕುಡಿದರೆ, ಕೆಮ್ಮಿನ ಸಿರಪ್ಪಿಗೆ ಸೋಡಾ ಬೆರೆಸಿದ ಹಾಗಿತ್ತು. ಮುಕ್ಕಾಲು ಬಾಟಲಿ ಹಾಗೇ ಉಳಿಯಿತು. ಬಂದ ನೆಂಟರಿಗೆಲ್ಲ ಕೊಟ್ಟು ಖಾಲಿ ಮಾಡಲು ಒಂದು ವರ್ಷ ಹಿಡಿಯಿತು.

ಜಿನ್ ನನಗೆ ಆಗಿಬರಲ್ಲ ಅಂದುಕೊಂಡು ಸುಮ್ಮನಾಗಿದ್ದೆ. ಬಾರ್ ಒಂದರಲ್ಲಿ ಕೆಲಸ ಮಾಡುವ ಗೆಳೆಯನಿಗೆ ಈ ಕಥೆ ಹೇಳಿದಾಗ ಅವನು ನಕ್ಕ. "ಮಗಾ, ನೀನಿನ್ನೂ ಜಿನ್ ಕುಡಿದೇ ಇಲ್ಲ. ಮೊದಲು ಜೂನಿಪರ್ ಹೆಂಗಿರತ್ತೆ ನೋಡು" ಅಂತ ಒಂದು ಹಿಡಿ ಒಣಗಿದ ಕಾಯಿ ಕಾಗದದಲ್ಲಿ ಕಟ್ಟಿಕೊಟ್ಟ. ನೋಡಲು ದೊಡ್ಡ ಕಾಳುಮೆಣಸಿನ ಹಾಗೆ, ನೀಲಿಗಪ್ಪು. ಮನೆಯಲ್ಲಿ ಕುಟ್ಟಾಣಿಗೆ ನಾಲ್ಕು ಹಾಕಿ ಜಜ್ಜಿದೆ. ಒಳಗೆ ಅಂಟಂಟು. ಊಟಿಯ ಪೈನ್ ಕಾಡಿನ ವಾಸನೆ, ಜೊತೆಗೆ ಚೂರು ಕರ್ಪೂರ, ಚೂರು ಮೆಣಸು, ಹಿಂದೆಯೇ ಟರ್ಪೆಂಟೈನಿನ ಘಾಟು. ಅಡುಗೆಮನೆಯಿಂದ ಹೆಂಡತಿ "ಪೇಂಟ್ ಡಬ್ಬ ತೆಗೆದ್ರಾ?" ಅಂತ ಕೂಗಿದಳು.

ಇಡೀ ಜಿನ್ ನಿಂತಿರುವುದು ಈ ವಾಸನೆಯ ಮೇಲೆ. ಧಾನ್ಯದಿಂದಲೋ ಕಾಕಂಬಿಯಿಂದಲೋ ಮಾಡಿದ, ತನ್ನದೇ ರುಚಿ ಹೆಚ್ಚೇನೂ ಇಲ್ಲದ ಸ್ಪಿರಿಟ್‌ಗೆ ಜೂನಿಪರ್ ಮತ್ತು ಬೇರೆ ಬೇರು, ಬೀಜ, ಸಿಪ್ಪೆಗಳ ಪರಿಮಳ ಹತ್ತಿಸಿದರೆ ಜಿನ್. ಯುರೋಪಿನ ಕಾನೂನು ಪ್ರಕಾರ ಜೂನಿಪರ್ ರುಚಿಯೇ ಮುಂದಿರಬೇಕು. ನಾನು ತಂದ ಗುಲಾಬಿ ಬಾಟಲಿಯಲ್ಲಿ ಆ ವಾಸನೆ ಹುಡುಕಿದರೂ ಇರಲಿಲ್ಲ.

ಆಮೇಲೆ ಒಂದು ಪದ್ಧತಿ ಮಾಡಿಕೊಂಡೆ. ಟಾನಿಕ್ ಬೇಡ, ಐಸ್ ಬೇಡ. 15 ಎಂಎಲ್ ಜಿನ್, ಅಷ್ಟೇ ನೀರು, ಗಾಜಿನ ಲೋಟ. ಮೊದಲು ಮೂಸುವುದು, ಆಮೇಲೆ ಒಂದು ಗುಟುಕು. ಒಂದು ಸಲಕ್ಕೆ ಎರಡು ಅಥವಾ ಮೂರು ಬಗೆ, ಅಕ್ಕಪಕ್ಕ ಇಟ್ಟುಕೊಂಡು. ನಾಲ್ಕನೆಯದಕ್ಕೆ ಹೋದರೆ ಮೂಗು ಕೈಕೊಡುತ್ತದೆ. ಐಸ್ ಯಾಕೆ ಬೇಡ ಅಂದರೆ ತಣ್ಣಗಾದಾಗ ಪರಿಮಳವೂ ಮುದುರುತ್ತದೆ, ತಪ್ಪುಗಳೂ ಮುಚ್ಚಿಹೋಗುತ್ತವೆ. ಎಲ್ಲಾ ಬಾಟಲಿ ಕೊಳ್ಳಲು ನನ್ನ ಜೇಬಿಗೆ ಆಗುತ್ತಿರಲಿಲ್ಲ. ಗೆಳೆಯನ ಬಾರಿಗೆ ಹೋಗಿ 30 ಎಂಎಲ್ ಒಂದೊಂದು ಹೇಳಿ, ಪಕ್ಕದಲ್ಲಿ ನೀರು ಇಟ್ಟುಕೊಂಡು ಕೂರುತ್ತಿದ್ದೆ. ವೇಟರ್ ಮೊದಮೊದಲು ವಿಚಿತ್ರವಾಗಿ ನೋಡುತ್ತಿದ್ದ.

ಮೊದಲ ಜೋಡಿ ಟ್ಯಾಂಕರೆ ಮತ್ತು ಬೀಫೀಟರ್. ಎರಡೂ ಲಂಡನ್ ಡ್ರೈ. ಈ ಹೆಸರು ನೋಡಿ ಲಂಡನ್ನಿನಲ್ಲೇ ಮಾಡಿದ್ದು ಅಂದುಕೊಳ್ಳಬೇಡಿ, ಅದು ಮಾಡುವ ಕ್ರಮದ ಹೆಸರು. ಪರಿಮಳವೆಲ್ಲ ಬಟ್ಟಿ ಇಳಿಸುವಾಗಲೇ ಬರಬೇಕು. ಇಳಿಸಿದ ಮೇಲೆ ನೀರು, ಸ್ಪಿರಿಟ್ ಬಿಟ್ಟು ಪರಿಮಳವನ್ನಾಗಲಿ ಬಣ್ಣವನ್ನಾಗಲಿ ಸೇರಿಸುವಂತಿಲ್ಲ. ಸಕ್ಕರೆ ಲೀಟರಿಗೆ 0.1 ಗ್ರಾಂ ದಾಟುವಂತಿಲ್ಲ. ಟ್ಯಾಂಕರೆಗೆ ಹಾಕುವುದು ನಾಲ್ಕೇ ಸಾಮಾನು: ಜೂನಿಪರ್, ಕೊತ್ತಂಬರಿ ಬೀಜ, ಆಂಜೆಲಿಕಾ ಬೇರು, ಅತಿಮಧುರ. ಬೀಫೀಟರಿಗೆ ಒಂಬತ್ತು. ಅದರಲ್ಲಿ ನಿಂಬೆ ಸಿಪ್ಪೆ, ಕಹಿ ಕಿತ್ತಳೆ ಸಿಪ್ಪೆ, ಬಾದಾಮಿಯೂ ಇದೆ.

ಟ್ಯಾಂಕರೆಯಲ್ಲಿ ನಿಂಬೆಹಣ್ಣೇ ಇಲ್ಲ, ಆದರೂ ನನಗೆ ನಿಂಬೆಯ ಹಾಗೆ ಏನೋ ಹೊಡೆಯುತ್ತಿತ್ತು. ಮೂಗು ಸುಳ್ಳು ಹೇಳುತ್ತಿದೆ ಅಂದುಕೊಂಡೆ. ಮನೆಗೆ ಬಂದು ಸಾರಿನ ಪುಡಿಗೆ ಇಟ್ಟಿದ್ದ ಧನಿಯಾ ನಾಲ್ಕು ಕಾಳು ಹುರಿಯದೆ ಹಾಗೇ ಜಜ್ಜಿ ಮೂಸಿದೆ. ಅಲ್ಲೇ ಇತ್ತು ಆ ನಿಂಬೆ! ನಾವು ಧನಿಯಾವನ್ನು ಹುರಿದೇ ಬಳಸುತ್ತೇವಲ್ವಾ, ಹಸಿ ಬೀಜದ ಆ ಗುಣ ಗಮನಕ್ಕೇ ಬರುವುದಿಲ್ಲ. ಹೆಚ್ಚಿನ ಜಿನ್‌ಗಳಲ್ಲಿ ಜೂನಿಪರ್ ಬಿಟ್ಟರೆ ಮುಂದಿನ ಜಾಗ ಕೊತ್ತಂಬರಿ ಬೀಜದ್ದೇ. ಅವತ್ತಿನಿಂದ ಲೇಬಲ್ ಓದುವುದು ಸುಲಭವಾಯಿತು. ಏಲಕ್ಕಿ, ಶುಂಠಿ, ಸೋಂಪು, ಅತಿಮಧುರ ಎಲ್ಲಾ ನಮ್ಮ ಡಬ್ಬಿಯಲ್ಲೇ ಇರುವ ಸಾಮಾನು. ಇಲ್ಲದ್ದು ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ.

ಹಳೆಯ ಬಗೆಗಳಲ್ಲಿ ಓಲ್ಡ್ ಟಾಮ್ ಅಂತ ಒಂದಿದೆ, ಸ್ವಲ್ಪ ಸಿಹಿ. 1830ರ ನಂತರ ಕಾಲಂ ಸ್ಟಿಲ್ ಅನ್ನುವ, ನಿಲ್ಲದೆ ಬಟ್ಟಿ ಇಳಿಸುವ ಯಂತ್ರ ಬಂದು ಸ್ಪಿರಿಟ್ ಶುದ್ಧವಾಗುವವರೆಗೆ ಒರಟುತನ ಮುಚ್ಚಲು ಸಿಹಿ ಬೇಕಾಗುತ್ತಿತ್ತು. ಪ್ಲಿಮತ್ ಅನ್ನುವುದು ಇಂಗ್ಲೆಂಡಿನ ಆ ಊರಿನಲ್ಲೇ 1793ರಿಂದ ಮಾಡುತ್ತಿರುವ ಜಿನ್, ಲಂಡನ್ ಡ್ರೈಗಿಂತ ಮೆತ್ತಗೆ, ಸ್ವಲ್ಪ ಮಣ್ಣಿನ ಗುಣ. ಸ್ಲೋ ಜಿನ್ ಹೆಸರಿಗೆ ಜಿನ್, ನಿಜದಲ್ಲಿ ಕಾಡುಹಣ್ಣು ನೆನೆಸಿದ ಲಿಕ್ಯೂರ್, ಅಂದರೆ ಸಿಹಿ ಮದ್ಯ. ಇವು ಮೂರೂ ನಮ್ಮಲ್ಲಿ ಹುಡುಕಿದರೆ ಸಿಗುವುದೇ ಅಪರೂಪ.

ಸರಿಯಾಗಿ ಎಡವಿದ್ದು ಯೆನೇವರ್ ಅನ್ನುವ ಡಚ್ಚರ ಜೂನಿಪರ್ ಮದ್ಯದ ವಿಷಯದಲ್ಲಿ. ನೆದರ್‌ಲ್ಯಾಂಡ್ಸ್‌ನಲ್ಲಿರುವ ಭಾವ ಬಂದಾಗ ಒಂದು ಬಾಟಲಿ ತಂದಿದ್ದರು. ಜಿನ್ ಅನ್ನುವ ಹೆಸರು ಹುಟ್ಟಿದ್ದೇ ಇದರಿಂದ ಅಂತ ಓದಿದ್ದೆ. ಖುಷಿಯಿಂದ ದೊಡ್ಡ ಲೋಟಕ್ಕೆ ಐಸ್ ಹಾಕಿ, ಟಾನಿಕ್ ಸುರಿದು, ನಿಂಬೆ ಹಿಂಡಿ ಭಾವನ ಮುಂದೆ ಇಟ್ಟೆ. ಅವರು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು.

"ಏನಯ್ಯಾ ಮಾಡಿದೆ ಇದನ್ನ? ಪಾಯಸಕ್ಕೆ ಹುಣಸೆಹುಳಿ ಹಿಂಡಿದ ಹಾಗಿದೆ."

"ಜಿನ್ ಅಲ್ವಾ ಭಾವ, ಟಾನಿಕ್ ಹಾಕ್ಬಾರ್ದಾ?"

"ತಾತನನ್ನ ಮೊಮ್ಮಗನ ಹೆಸರಲ್ಲಿ ಕರೀತಿದೀಯ. ಚಿಕ್ಕ ಲೋಟ ತಾ."

ಭಾವ ಚಿಕ್ಕ ಲೋಟಕ್ಕೆ ಅಂಚಿನವರೆಗೆ ತುಂಬಿಸಿ ಮೇಜಿನ ಮೇಲಿಟ್ಟರು. ಕೈ ಬೆನ್ನ ಹಿಂದೆ ಕಟ್ಟಿ, ಬಗ್ಗಿ ಮೊದಲ ಗುಟುಕು ಹೀರಿದರು. ಅಲ್ಲಿ ಹಾಗೇ ಕುಡಿಯುವುದಂತೆ. ನಾನೂ ಬಗ್ಗಿದೆ. ಅದು ಬೇರೆಯೇ ಲೋಕ. ಜೂನಿಪರ್ ಹಿಂದೆ ಎಲ್ಲೋ ಇದೆ, ಮುಂದೆ ಮೊಳಕೆ ಕಟ್ಟಿ ಹುರಿದ ಧಾನ್ಯದ ವಾಸನೆ. ನನಗೆ ಅಮ್ಮ ಮಾಡುತ್ತಿದ್ದ ರಾಗಿ ಮಾಲ್ಟ್ ನೆನಪಾಯಿತು. ಯೆನೇವರಿಗೆ ಮಾಲ್ಟ್ ವೈನ್ ಅನ್ನುವ ಧಾನ್ಯದ ಬಟ್ಟಿ ಸೇರಿಸುತ್ತಾರೆ. ಔಡೆ ಅಂದರೆ ಹಳೆಯ ಶೈಲಿ, ಅದರಲ್ಲಿ ಮಾಲ್ಟ್ ವೈನ್ ಕಡಿಮೆ ಅಂದರೂ ಶೇ. 15 ಇರಬೇಕು. ಯೋಂಗೆ ಅಂದರೆ ಹೊಸ ಶೈಲಿ, ಅದರಲ್ಲಿ ಶೇ. 15 ಮೀರುವಂತಿಲ್ಲ. ಹಳೆಯದು, ಹೊಸದು ಅನ್ನುವುದು ಪೀಪಾಯಿಯಲ್ಲಿಟ್ಟ ವರ್ಷದ ಲೆಕ್ಕ ಅಂತ ನಾನು ತಿಳಿದಿದ್ದೆ. ಭಾವ ಅದನ್ನೂ ತಿದ್ದಿದರು.

ಇನ್ನು ಹೊಸ ಕಾಲದ ಜಿನ್‌ಗಳು. 1999ರಲ್ಲಿ ಬಂದ ಸ್ಕಾಟ್ಲೆಂಡಿನ ಹೆಂಡ್ರಿಕ್ಸ್‌ಗೆ ಬಟ್ಟಿ ಇಳಿಸಿದ ಮೇಲೆ ಸೌತೆಕಾಯಿ, ಗುಲಾಬಿಯ ಪರಿಮಳ ಸೇರಿಸುತ್ತಾರೆ. ಹಾಗಾಗಿ ಅದು ಲಂಡನ್ ಡ್ರೈ ಅಲ್ಲ. ಒಳ್ಳೆಯ ಜಿನ್ನೇ, ಆದರೆ ಜೂನಿಪರ್ ಹುಡುಕುವವರಿಗೆ ಅಲ್ಲ. ನಮ್ಮ ದೇಶದಲ್ಲಿ 2017ರಲ್ಲಿ ಗೋವಾದಿಂದ ಗ್ರೇಟರ್ ದ್ಯಾನ್ ಬಂತು, ಅದು ಲಂಡನ್ ಡ್ರೈ. ಅದೇ ಕಂಪನಿಯ ಹಪುಸಾದಲ್ಲಿ ಹಿಮಾಲಯದ ಜೂನಿಪರ್ ಜೊತೆ ಅರಿಶಿನ, ಮಾವು ಇವೆ. ಹಪುಷಾ ಅಂದರೆ ಸಂಸ್ಕೃತದಲ್ಲಿ ಜೂನಿಪರ್ರೇ. ನಮ್ಮ ಬೆಂಗಳೂರಿನ ಅಮೃತ್‌ನವರು ನೀಲಗಿರಿ ಚಹಾ ಹಾಕಿ ನೀಲಗಿರೀಸ್ ಅಂತ ಒಂದು ತಂದಿದ್ದಾರೆ. ಹಪುಸಾ ನನಗೆ ನೀರಿನ ಜೊತೆ ತುಂಬಾ ಹಿಡಿಸಿತು. ಟಾನಿಕ್ ಹಾಕಿದರೆ ಅರ್ಧ ಗುಣ ಕಳೆದುಹೋಗುತ್ತದೆ ಅನ್ನಿಸಿತು. ಗ್ರೇಟರ್ ದ್ಯಾನ್ ಉಲ್ಟಾ. ನೀರಿನಲ್ಲಿ ಸಾಧಾರಣ, ಟಾನಿಕ್ ಬಿದ್ದ ತಕ್ಷಣ ಎದ್ದು ಕೂರುತ್ತದೆ. ಬಣ್ಣ ಬದಲಾಯಿಸುವ ನೀಲಿ ಜಿನ್ ಬಗ್ಗೆ ಕೇಳಬೇಡಿ. ಅದು ಶಂಖಪುಷ್ಪದ ಬಣ್ಣ, ಹುಳಿ ಬಿದ್ದರೆ ನೇರಳೆ, ಗುಲಾಬಿ ಆಗುತ್ತದೆ. ಮಕ್ಕಳಿಗೆ ಅದೇ ಮ್ಯಾಜಿಕ್ ತೋರಿಸಲು ಹಿತ್ತಲ ಹೂವು, ಬಿಸಿನೀರು, ನಿಂಬೆಹಣ್ಣು ಸಾಕು.

ಲೇಬಲ್‌ನಲ್ಲಿ ನಾನು ನೋಡುವ ಇನ್ನೊಂದು ವಿಷಯ ಆಲ್ಕೋಹಾಲಿನ ಶೇಕಡಾವಾರು. ಇಲ್ಲಿನ ಬಾಟಲಿಗಳ ಮೇಲೆ 42.8 ಅಂತ ಇರುತ್ತದೆ, ಕೆಲವದರ ಮೇಲೆ 25 ಯು.ಪಿ. (ಅಂಡರ್ ಪ್ರೂಫ್) ಅಂತಲೂ. ಇದೆಂಥಾ ಮುರುಕು ಸಂಖ್ಯೆ ಅಂತ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಬ್ರಿಟಿಷರ ಹಳೆಯ ಪ್ರೂಫ್ ಲೆಕ್ಕದಲ್ಲಿ 100 ಅಂದರೆ ಸುಮಾರು ಶೇ. 57.1 ಆಲ್ಕೋಹಾಲ್. ಅಷ್ಟು ಗಟ್ಟಿ ಇದ್ದರೆ ಸ್ಪಿರಿಟ್‌ನಲ್ಲಿ ತೋಯ್ದ ಮದ್ದಿನಪುಡಿಯೂ ಹೊತ್ತಿಕೊಳ್ಳುತ್ತದೆ ಅನ್ನುತ್ತಿದ್ದರು. ಅದಕ್ಕಿಂತ 25 ಡಿಗ್ರಿ ಕೆಳಗೆ, ಅಂದರೆ 57.1ರ ಮುಕ್ಕಾಲು ಪಾಲು, ಅದೇ 42.8. ನೇವಿ ಸ್ಟ್ರೆಂತ್ ಅಂತ ಬರೆದಿರುವ ಜಿನ್ ಆ ಪೂರ್ತಿ 57ರದ್ದು. ಒಂದು ಸಲ ಅಳತೆ ನೋಡದೆ ಸುರಿದುಕೊಂಡು ಬೆಳಿಗ್ಗೆ ತಲೆ ಎತ್ತಲಾಗಲಿಲ್ಲ. 60 ಎಂಎಲ್ ಹಾಕುವ ಜಾಗದಲ್ಲಿ ಇದು 40 ಎಂಎಲ್ ಸಾಕು. ಕನಿಷ್ಠ ಇಷ್ಟಿರಬೇಕು ಅನ್ನುವ ಲೆಕ್ಕವೂ ಇದೆ. ಯುರೋಪಿನಲ್ಲಿ 37.5 ಇದ್ದರೂ ಜಿನ್ ಅನ್ನಬಹುದು, ಆದರೆ ಟಾನಿಕ್ ಮತ್ತು ಐಸ್ ಸೇರಿದ ಮೇಲೆ ಅಂಥದ್ದು ತೆಳ್ಳಗಾಗಿಬಿಡುತ್ತದೆ. ಪರಿಮಳದ ಎಣ್ಣೆಗಳನ್ನು ಹಿಡಿದಿಡುವುದೇ ಆಲ್ಕೋಹಾಲ್. ನೀರು ಬೆರೆಸಿದಾಗ ಕೆಲವು ಜಿನ್ ಮಸುಕಾಗುವುದೂ ಆ ಎಣ್ಣೆಯಿಂದಲೇ. ಕೆಟ್ಟುಹೋಯಿತು ಅಂತ ಚೆಲ್ಲಬೇಡಿ. ನಾನು ಒಂದು ಲೋಟ ಚೆಲ್ಲಿದ್ದೇನೆ.

ಈಗ ಅಂಗಡಿಗೆ ಹೋದರೆ ನಾನು ನನ್ನನ್ನೇ ಕೇಳಿಕೊಳ್ಳುವುದು ಒಂದೇ: ಇದನ್ನು ಏನರ ಜೊತೆ ಕುಡಿಯುತ್ತೇನೆ? ಟಾನಿಕ್, ಅಥವಾ ಕಂಪಾರಿ ಅನ್ನುವ ಕಹಿ ಮದ್ಯ ಮತ್ತು ವರ್ಮೂತ್ ಅನ್ನುವ ಸಿಹಿ ಮಸಾಲೆ ವೈನ್ ಜಿನ್ ಜೊತೆ ಸಮಸಮ ಬೀಳುವ ನೆಗ್ರೋನಿ ಕಾಕ್‌ಟೈಲ್ ಆದರೆ ಲಂಡನ್ ಡ್ರೈ. ಅಷ್ಟು ಕಹಿಯ ಮಧ್ಯೆ ನಾಜೂಕಿನ ಜಿನ್ ಹಾಕಿದರೆ ಅದು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ದುಡ್ಡು ದಂಡ. ನಿಂಬೆರಸ, ಸೋಡಾ, ಚಿಟಿಕೆ ಉಪ್ಪಿನ ಜೊತೆ ಆದರೆ ಮಸಾಲೆ ಇರುವ ನಮ್ಮ ಕಡೆಯ ಜಿನ್. ಸುಮ್ನೆ ನೀರು ಹಾಕಿ ಕೂತು ಕುಡಿಯಲು ಹಪುಸಾದಂಥದ್ದು. ಮೊದಲ ಬಾಟಲಿ ಯಾವುದು ಕೊಳ್ಳಲಿ ಅಂತ ಯಾರಾದರೂ ಕೇಳಿದರೆ ಲಂಡನ್ ಡ್ರೈ ಅನ್ನುತ್ತೇನೆ, ಅದೂ ಜಾಸ್ತಿ ಬೆಲೆಯದ್ದು ಬೇಡ. ಅದರ ರುಚಿ ನಾಲಿಗೆಗೆ ಕೂತ ಮೇಲೆ ಉಳಿದವು ಎಷ್ಟು ದೂರ ಇವೆ ಅಂತ ಅಳೆಯಬಹುದು.

ಟಾನಿಕ್ ದೊಡ್ಡ ಬಾಟಲಿ ತರುವುದು ಬಿಟ್ಟಿದ್ದೇನೆ. ಮಾರನೇ ದಿನಕ್ಕೆ ಗ್ಯಾಸ್ ಹೋಗಿ ಸಕ್ಕರೆ ನೀರಾಗುತ್ತದೆ. ಸಣ್ಣ ಕ್ಯಾನ್ ಸಾಕು. ಒಂದು ಪಾಲು ಜಿನ್‌ಗೆ ಎರಡು ಪಾಲು ಟಾನಿಕ್, ಅದಕ್ಕಿಂತ ಜಾಸ್ತಿ ಇಲ್ಲ. ಬೀರುವಿನಲ್ಲಿ ಈಗ ಎರಡೇ ಬಾಟಲಿ ಇವೆ. ಭಾವ ತಂದದ್ದು ಮೂರನೆಯದು, ಅದರಲ್ಲಿ ಎರಡು ಬೆರಳಷ್ಟು ಉಳಿದಿದೆ. ಅವರು ದೀಪಾವಳಿಗೆ ಬರುತ್ತಾರಂತೆ. ಚಿಕ್ಕ ಲೋಟ ಎರಡು ತೊಳೆದಿಟ್ಟಿದ್ದೇನೆ.