2,85,000ಕ್ಕೆ ಸವಾಲು ಹಿಡಿದ ಟ್ರ್ಯಾಕ್ಟರ್ ಮನೆಗೆ ಬರುವಾಗ ಎಷ್ಟಾಯಿತು

2019ರ ಜೂನ್. ಸಾಲದ ಕಂತು ಕಟ್ಟದೆ ಜಪ್ತಿಯಾದ ಗಾಡಿಗಳನ್ನು ಮಾರುವ, ಬೆಳಗಾವಿ ಹೊರಗಿನ ಒಂದು ಯಾರ್ಡ್‌ನಲ್ಲಿ ಸವಾಲು, ಅಂದರೆ ಹರಾಜು, ನನ್ನ ಹೆಸರಿಗೆ ನಿಂತದ್ದು 2,85,000 ರೂಪಾಯಿಗೆ. 45 ಎಚ್‌ಪಿ ಟ್ರ್ಯಾಕ್ಟರ್, 2014ರ ಮಾಡೆಲ್. ಹೊರಗಡೆ ಇಂಥದ್ದೇ ಗಾಡಿಗೆ ಮೂರೂವರೆ ಲಕ್ಷ ಹೇಳುತ್ತಿದ್ದರು. ಮಹಾಲಿಂಗಪುರ ದಾಟಿ ಊರು ಮುಟ್ಟುವವರೆಗೂ ನಾನು ಒಳಗೊಳಗೇ ಕುಣಿಯುತ್ತಿದ್ದೆ. ಗಾಡಿ ಜಮಖಂಡಿ ಕಡೆಯ ನಮ್ಮ ಹೊಲದ ಮನೆ ಮುಂದೆ ಬಂದು ನಿಂತು ಕೆಲಸಕ್ಕೆ ತಯಾರಾಗುವ ಹೊತ್ತಿಗೆ ಡೈರಿಯಲ್ಲಿ ಬರೆದ ಮೊತ್ತ 3,34,276.

ಲೆಕ್ಕ ಹೇಳಿಬಿಡುತ್ತೇನೆ. ಖರೀದಿದಾರರ ಫೀ ಅಂತ ಬಿಡ್, ಅಂದರೆ ನಾನು ಕೂಗಿದ ಬೆಲೆಯ ಮೇಲೆ 2 ಪರ್ಸೆಂಟ್, ಅಂದರೆ 5,700, ಆ ಫೀ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಅಂತ 1,026. ಹಣ ಹೊಂದಿಸಿ ಗಾಡಿ ಎತ್ತುವುದು ತಡವಾಯಿತು, 19 ದಿನಕ್ಕೆ ದಿನಕ್ಕೆ 150ರಂತೆ ಯಾರ್ಡ್ ಬಾಡಿಗೆ 2,850. ಲಾರಿ ಮೇಲೆ ತಂದದ್ದಕ್ಕೆ 8,500. ಬ್ಯಾಟರಿ ಸತ್ತಿತ್ತು, 6,200. ಕ್ಲಚ್ ಪ್ಲೇಟ್ ಕೆಲಸ 14,000. ಇನ್ಶೂರೆನ್ಸ್ ಮತ್ತು ಆರ್‌ಟಿಒ ಖರ್ಚು ಎಲ್ಲ ಸೇರಿ 11,000. ಇದರಲ್ಲಿ ಕ್ಲಚ್ ಒಂದು ಬಿಟ್ಟರೆ ಉಳಿದ ಯಾವುದೂ ನನಗೆ ಅನಿರೀಕ್ಷಿತ ಆಗಬಾರದಿತ್ತು, ಯಾಕಂದರೆ ಎಲ್ಲವೂ ನಾನು ಓದದೇ ಸಹಿ ಹಾಕಿದ ಕಾಗದದಲ್ಲಿ ಇಲ್ಲವೇ ಸುಮ್ನೆ ನಾಲ್ಕು ಮಂದಿಯನ್ನು ಕೇಳಿದರೆ ಗೊತ್ತಾಗುವ ಮಾತಿನಲ್ಲಿ ಇತ್ತು. ಆ ಷರತ್ತುಗಳ ಕಾಗದ ಏಳು ಪುಟ, ಪೂರ್ತಿ ಇಂಗ್ಲಿಷ್. ಕೌಂಟರ್‌ನಲ್ಲಿದ್ದ ಹುಡುಗ ಕೊನೇ ಪುಟ ಮಾತ್ರ ತೆಗೆದು "ಇಲ್ಲಿ ಸಹಿ ಮಾಡ್ರಿ" ಅಂದ. ಮಾಡಿದೆ.

ಈ ಗಾಡಿಗಳು ಎಲ್ಲಿಂದ ಬರುತ್ತವೆ ಅಂತ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಬ್ಬಿನ ಹಂಗಾಮಿಗೆ ಅಂತ ಸಾಲ ಮಾಡಿ ಟ್ರ್ಯಾಕ್ಟರ್, ಎರಡು ಡಬ್ಬಿ (ಟ್ರೇಲರ್) ತೆಗೆದುಕೊಳ್ಳುತ್ತಾರೆ. ಕಬ್ಬು ಕಡಿಯುವ ಗ್ಯಾಂಗ್‌ನವರಿಗೆ ಮುಂಗಡ ಕೊಡುತ್ತಾರೆ, ಗ್ಯಾಂಗ್ ಬರುವುದಿಲ್ಲ, ಇಲ್ಲವೇ ಅರ್ಧಕ್ಕೆ ಓಡಿಹೋಗುತ್ತದೆ. ಫ್ಯಾಕ್ಟರಿ ಬಿಲ್ಲು ತಡ, ಕಂತು ಬಾಕಿ, ಗಾಡಿ ಜಪ್ತಿ. ಹಂಗಾಮು ಮುಗಿದ ಮೇಲೆ, ಏಪ್ರಿಲ್‌ನಿಂದ ಜೂನ್ ತನಕ, ಯಾರ್ಡ್‌ಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗ ರೇಟು ಕೆಳಗಿರುತ್ತದೆ. ದಸರಾ ಹತ್ತಿರ ಬಂದಂತೆ ಅದೇ ಗಾಡಿ ಮೇಲೆ ಮೂವತ್ತು ನಲವತ್ತು ಸಾವಿರ ಏರುತ್ತದೆ. ನಾನು ಖರೀದಿ ಮಾಡಿದ್ದೆಲ್ಲ ಬೇಸಿಗೆಯಲ್ಲೇ.

ಮನಸ್ಸಿಗೆ ಹಿತ ಅನ್ನಿಸದ ಮಾತೂ ಇದೆ. ನನ್ನ ಟ್ರ್ಯಾಕ್ಟರ್ ಬಾನೆಟ್ ಮೇಲೆ ಯಲ್ಲಮ್ಮನ ಹೆಸರು ಬರೆಸಿದ್ದರು, ರೇಡಿಯೇಟರ್ ಜಾಳಿಗೆಯಲ್ಲಿ ಹೋದ ಆಯುಧ ಪೂಜೆಯ ಚೆಂಡು ಹೂವಿನ ಮಾಲೆ ಒಣಗಿ ನಾರಾಗಿ ಸಿಕ್ಕಿಕೊಂಡಿತ್ತು. ನಮ್ಮವ್ವ ಅದನ್ನು ನೋಡಿ "ಯಾರದೋ ಹೊಟ್ಟಿ ಉರಿ ಮನೀಗೆ ತಂದಿ" ಅಂದಳು. ಉತ್ತರ ಕೊಡಲಿಲ್ಲ. ಹೆಸರು ಅಳಿಸಲೂ ಇಲ್ಲ.

ಕಾಗದದ ಕಥೆಗೆ ಬರುತ್ತೇನೆ, ನನ್ನನ್ನು ನಿಜವಾಗಿ ಹೊಡೆದದ್ದು ಅದು. ಸಾಮಾನ್ಯ ಹಳೇ ಗಾಡಿ ಆದರೆ ಮಾರುವವ ಹೆಸರು ವರ್ಗಾವಣೆಯ ಫಾರ್ಮ್ 29 ಎರಡು ಪ್ರತಿ ಮತ್ತು ಫಾರ್ಮ್ 30ಕ್ಕೆ ಸಹಿ ಹಾಕುತ್ತಾನೆ, ಸಾಲ ಇದ್ದರೆ ತೀರಿದ್ದಕ್ಕೆ ಫಾರ್ಮ್ 35 ಬರುತ್ತದೆ, ಮುಗಿಯಿತು. ಜಪ್ತಿ ಗಾಡಿಯಲ್ಲಿ ಮೂಲ ಮಾಲೀಕ ಸಹಿ ಹಾಕುತ್ತಾನಾ? ಹತ್ತಿರವೂ ಬರುವುದಿಲ್ಲ. ಆಗ ಸಾಲ ಕೊಟ್ಟವರು ಫಾರ್ಮ್ 36 ಹಾಕಿ ಆರ್‌ಸಿಯನ್ನು (ಗಾಡಿಯ ನೋಂದಣಿ ಪತ್ರ) ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡು, ಆಮೇಲೆ ನಮಗೆ ವರ್ಗ ಮಾಡಬೇಕು. ನಾನು ಹಿಡಿದ ಗಾಡಿಗೆ ಆ ಕೆಲಸ ಶುರುವೇ ಆಗಿರಲಿಲ್ಲ. ಗಾಡಿಯ ನೋಂದಣಿ ಚಿಕ್ಕೋಡಿ ಆರ್‌ಟಿಒದ ಕೆಎ 23, ನಾನಿರುವುದು ಜಮಖಂಡಿಯ ಕೆಎ 48. ಷರತ್ತಿನಲ್ಲಿ ಏನಿತ್ತು ಅಂದರೆ, ದಾಖಲೆ ಕೊಡುವುದು ತಡವಾದರೆ ಹರಾಜು ಮಾಡಿದವರು ಹೊಣೆ ಅಲ್ಲ. ಅಷ್ಟೇ, ಒಂದು ಸಾಲು. ಎರಡು ವಾರಕ್ಕೊಮ್ಮೆ ಫೋನ್ ಮಾಡಿದರೆ "ಹೆಡ್ ಆಫೀಸಿಗೆ ಹೋಗೇತ್ರಿ" ಅನ್ನುವ ಉತ್ತರ. ನಡುವೆ ಆಗಸ್ಟ್‌ನಲ್ಲಿ ಕೃಷ್ಣಾ ಹೊಳೆ ಬಂತು, ನಮ್ಮ ಭಾಗದ ಕಬ್ಬು ನೀರಲ್ಲಿ ನಿಂತಿತು, ಎಲ್ಲರಿಗೂ ಅವರವರ ಚಿಂತೆ. ಆರ್‌ಸಿ ನನ್ನ ಹೆಸರಿಗೆ ಆದದ್ದು ಡಿಸೆಂಬರ್ ಕೊನೆಗೆ. ಅಷ್ಟರಲ್ಲಿ ಫ್ಯಾಕ್ಟರಿಯಲ್ಲಿ ಕಬ್ಬು ಸಾಗಾಣಿಕೆಯ ಕರಾರು ಮಾಡಿಕೊಳ್ಳುವ ಕಾಲ ಮುಗಿದುಹೋಗಿತ್ತು, ಅವರು ಕರಾರು ಮಾಡುವಾಗ ಮೊದಲು ಕೇಳುವುದೇ ಆರ್‌ಸಿ ಮತ್ತು ಇನ್ಶೂರೆನ್ಸ್. ಗಾಡಿ ಆ ಹಂಗಾಮು ಪೂರ್ತಿ ಹೊಲದಲ್ಲಿ ರೆಂಟೆ (ನೇಗಿಲು) ಹೊಡೆದುಕೊಂಡು ಇತ್ತು. ಮೇಲಿನ 3,34,276ರಲ್ಲಿ ಈ ನಷ್ಟ ಇಲ್ಲ.

ಹಾಗಾಗಿ ಈಗ ನಾನು ಯಾರ್ಡ್‌ಗೆ ಹೋದರೆ ಮೊದಲು ಎಂಜಿನ್ ನೋಡುವುದಿಲ್ಲ, ಕಚೇರಿ ಕಿಟಕಿಗೆ ಹೋಗುತ್ತೇನೆ. ಆರ್‌ಸಿ ಈಗ ಯಾರ ಹೆಸರಲ್ಲಿ ಇದೆ? ಒರಿಜಿನಲ್ ಕೈಯಲ್ಲಿದೆಯಾ? ಗಾಡಿ ನಂಬರ್ ಹಾಕಿ ಎಂಪರಿವಾಹನ್ ಆ್ಯಪ್‌ನಲ್ಲೂ ನೋಡುತ್ತೇನೆ, ಸಾಲದ ನಮೂದು, ಇನ್ಶೂರೆನ್ಸ್, ಫಿಟ್‌ನೆಸ್ ಎಲ್ಲ ಅಲ್ಲೇ ಕಾಣುತ್ತದೆ. ಚಾಸಿ ನಂಬರ್ ಪಂಚ್ ಅನ್ನು ಕೈಯಿಂದ ಸವರಿ ಆರ್‌ಸಿ ಜೊತೆ ತಾಳೆ ಹಾಕುತ್ತೇನೆ. ಡಬ್ಬಿ ಜೊತೆಗೆ ನಿಂತಿದ್ದರೆ ಅದು ಲಾಟ್‌ನಲ್ಲಿ, ಅಂದರೆ ಒಟ್ಟಿಗೆ ಸವಾಲಿಗಿಟ್ಟ ಸಾಮಾನಿನಲ್ಲಿ, ಸೇರಿದೆಯಾ ಅಂತ ಕೇಳುತ್ತೇನೆ, ಡಬ್ಬಿಗೆ ಬೇರೆಯೇ ನಂಬರ್, ಬೇರೆಯೇ ಆರ್‌ಸಿ ಇರುತ್ತದೆ. ನಮ್ಮ ಊರಿನ ಒಬ್ಬರು ಡಬ್ಬಿ ಸಹಿತ ಅಂತ ತಿಳಿದು ರೇಟು ಏರಿಸಿ, ಕೊನೆಗೆ ಬರೀ ಟ್ರ್ಯಾಕ್ಟರ್ ತಂದರು.

ಎರಡನೇ ಪಾಠ 2022ರಲ್ಲಿ, ಜೆಸಿಬಿ ಹಿಡಿಯಲು ಹೋದಾಗ. ನಮ್ಮಲ್ಲಿ ಯಾವ ಕಂಪನಿ ಮಷಿನ್ ಆದರೂ ಜೆಸಿಬಿನೇ, ಆ ಮಾತು ಬಿಡಿ. ಕೃಷಿ ಹೊಂಡ, ಬದು, ಹೊಲದ ಕಲ್ಲು ಎತ್ತುವುದು, ಕೆಲಸಕ್ಕೆ ಕೊರತೆ ಇರಲಿಲ್ಲ. ವಿಜಯಪುರ ಕಡೆ ಒಂದು ಯಾರ್ಡ್‌ನಲ್ಲಿ ನನ್ನ ಬಿಡ್ 9,10,000ಕ್ಕೆ ಎಲ್ಲರಿಗಿಂತ ಮೇಲೆ ನಿಂತಿತು. ಗೆದ್ದೆ ಅಂದುಕೊಂಡೆ. ಆದರೆ ಸ್ಕ್ರೀನ್ ಮೇಲೆ ಬಂದದ್ದು "ಒಪ್ಪಿಗೆಗೆ ಒಳಪಟ್ಟು". ಅಂದರೆ ಸಾಲ ಕೊಟ್ಟ ಕಂಪನಿ ಈ ರೇಟಿಗೆ ಒಪ್ಪಿದರೆ ಮಾತ್ರ ವ್ಯಾಪಾರ, ಅಲ್ಲಿಯ ತನಕ ನನ್ನ ಡಿಪಾಸಿಟ್ 50,000 ಅವರ ಹತ್ತಿರ. ಆರು ದಿನ ಆದ ಮೇಲೆ ಆಗುವುದಿಲ್ಲ ಅಂದರು. ನಡುವೆ ಹುಬ್ಬಳ್ಳಿಯಲ್ಲಿ ಒಂದು ಒಳ್ಳೇ ಮಷಿನ್ ಸವಾಲಿಗೆ ಬಂದು ಹೋಯಿತು, ನನ್ನ ಹಣ ಸಿಕ್ಕಿಕೊಂಡಿದ್ದರಿಂದ ಕೈ ಎತ್ತಲು ಆಗಲಿಲ್ಲ.

ಬೆಳಗಾವಿ ಕೋರ್ಟಿನಲ್ಲಿ ವಕೀಲಿ ಮಾಡುವ ಸಂಬಂಧಿಕರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕರು. 1930ರ ಸರಕು ಮಾರಾಟ ಕಾಯ್ದೆಯಲ್ಲಿ ಹರಾಜಿಗೆ ಅಂತಲೇ 64ನೇ ಕಲಂ ಇದೆಯಂತೆ. ಹರಾಜು ಕೂಗುವವನ ಸುತ್ತಿಗೆ ಬಿದ್ದಾಗ ವ್ಯಾಪಾರ ಪೂರ್ತಿ, ಅದು ಬೀಳುವ ತನಕ ಬಿಡ್ ಮಾಡಿದವನು ಹಿಂದೆ ಸರಿಯಬಹುದು, ಮಾರುವವನು ತಾನೇ ಬಿಡ್ ಮಾಡುವುದಾದರೆ ಮೊದಲೇ ತಿಳಿಸಿರಬೇಕು. "ಮತ್ತೆ ನನಗ್ಯಾಕೆ ಹಿಂಗಾತು?" ಅಂದೆ. "ನೀ ಸಹಿ ಮಾಡಿದ ಕಾಗದದಾಗ ಸುತ್ತಿಗಿ ಬಿದ್ದಿದ್ದಕ್ಕ ಬ್ಯಾರೇ ಅರ್ಥ ಬರದಾರ, ಅದಕ್ಕ" ಅಂದರು. ಅಂದಿನಿಂದ ಕಾಗದವನ್ನು ಮುಂಚಿನ ದಿನವೇ ಮೊಬೈಲಿಗೆ ತರಿಸಿಕೊಂಡು ಪಕ್ಕದ ಮನೆಯ ಬಿಕಾಂ ಓದುವ ಹುಡುಗಿ ಹತ್ತಿರ ಓದಿಸುತ್ತೇನೆ. ಒಪ್ಪಿಗೆಗೆ ಎಷ್ಟು ದಿನ, ಹಣ ಕಟ್ಟಲು ಎಷ್ಟು ದಿನ, ಕಟ್ಟದಿದ್ದರೆ ಡಿಪಾಸಿಟ್ ಪೂರ್ತಿ ಹೋಗುತ್ತದಾ, ಯಾರ್ಡ್ ಬಾಡಿಗೆ ಎಂದಿನಿಂದ, ಹಳೇ ಟ್ಯಾಕ್ಸ್ ಬಾಕಿ ಮತ್ತು ದಂಡ ಯಾರ ತಲೆಗೆ, ಜಿಎಸ್‌ಟಿ ಬಿಡ್ ಒಳಗೋ ಹೊರಗೋ. ಇದಿಷ್ಟಕ್ಕೆ ಕೆಂಪು ಪೆನ್ನಿನ ಗೆರೆ ಬೀಳಬೇಕು.

ಎಲ್ಲಾ ಕಡೆ ಇರುವ ಇನ್ನೊಂದು ಷರತ್ತು, ಗಾಡಿ ಎಲ್ಲಿ ಹೇಗಿದೆಯೋ ಹಾಗೇ ತೆಗೆದುಕೊಳ್ಳಬೇಕು. ಓಡಿಸಿ ನೋಡಲು ಬಿಡುವುದಿಲ್ಲ, ಜಾಸ್ತಿ ಅಂದರೆ ನಿಂತಲ್ಲೇ ಚಾಲೂ ಮಾಡುತ್ತಾರೆ. ಹಾಗಾಗಿ ಸಿಕ್ಕ ಹೊತ್ತಿನಲ್ಲಿ ಏನು ನೋಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನನ್ನ ಜೊತೆ ಬರುವ ಮಿಸ್ತ್ರಿ ಮೊದಲು ಮಾಡುವ ಕೆಲಸ ಎಂಜಿನ್ ಮೇಲೆ ಅಂಗೈ ಇಡುವುದು. ಬಿಸಿ ಇದ್ದರೆ "ಇವರು ಮುಂಜಾನೇನ ಚಾಲೂ ಮಾಡಿ ಇಟ್ಟಾರ, ಥಂಡಿಗೆ ಎಳಂಗಿಲ್ಲ ಇದು" ಅಂತ ಮುಂದೆ ಹೋಗುತ್ತಾನೆ. ತಣ್ಣಗಿದ್ದರೆ ಚಾಲೂ ಮಾಡಿಸಿ ಹೊಗೆ ನೋಡುತ್ತಾನೆ. ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ಅದರ ಮೇಲೆ ತಲೆಕೆಳಗಾಗಿ ಇಡುತ್ತಾನೆ, ಮುಚ್ಚಳ ಕುಣಿದು ಬಿದ್ದರೆ ರಿಂಗು, ಲೈನರ್ ಹೋಗಿವೆ ಅಂತ ಲೆಕ್ಕ. ಡಿಪ್‌ಸ್ಟಿಕ್ ಆಯಿಲ್ ಹಾಲು ಬೆರೆಸಿದ ಚಹಾದ ಹಾಗಿದ್ದರೆ ನೀರು ಸೇರಿದೆ.

2023ರ ಮೇ ತಿಂಗಳಲ್ಲಿ ಹಿಡಿದ ಜೆಸಿಬಿ ಹತ್ತಿರ ಅವನು ಮುಕ್ಕಾಲು ಗಂಟೆ ಕೂತಿದ್ದ. ಮೀಟರ್ 4,180 ಗಂಟೆ ತೋರಿಸುತ್ತಿತ್ತು. ಅವನು ಮೀಟರ್ ನೋಡಲೇ ಇಲ್ಲ, ಬ್ರೇಕ್ ಪೆಡಲ್ ನೋಡಿದ. ರಬ್ಬರ್ ಸವೆದು ಕೆಳಗಿನ ಕಬ್ಬಿಣ ಬೆಳ್ಳಿ ಹಾಗೆ ಹೊಳೆಯುತ್ತಿತ್ತು, ಎಡಗಡೆ ಮೆಟ್ಟಿಲಿನ ಹಲ್ಲು ಸಪಾಟಾಗಿತ್ತು. "ನಾಕ್ ಸಾವಿರದಾಗ ಹಿಂಗ ಆಗೂದಿಲ್ಲ, ಎಂಟರ ಮ್ಯಾಲ ಐತಿ, ಮೀಟರ್ ವಾಯರ್ ಕಿತ್ತಾರ." ಆಮೇಲೆ ಹಿಂದಿನ ಬಕೆಟ್ ನೆಲಕ್ಕೆ ಒತ್ತಿಸಿ, ಎತ್ತಿಸಿ, ಪಿನ್ನು ಮತ್ತು ಬುಷ್ ನಡುವೆ ಹೆಬ್ಬೆರಳು ಇಟ್ಟು ಆಟ ಎಷ್ಟಿದೆ ಅಂತ ನೋಡಿದ. ಬೂಮ್ ಬುಡದಲ್ಲಿ ಬಣ್ಣ ಸ್ವಲ್ಪ ಹೊಸದಾಗಿ ಕಂಡಿತು, ಅಲ್ಲಿ ಉಗುರಿನಿಂದ ಕೆರೆದ. ಒಳಗೆ ವೆಲ್ಡಿಂಗ್ ಗೆರೆ. ಮುಂದಿನ ಬಕೆಟ್ ಎದೆ ಎತ್ತರಕ್ಕೆ ಎತ್ತಿಸಿ ಎಂಜಿನ್ ಬಂದ್ ಮಾಡಿಸಿದ, ಹತ್ತು ನಿಮಿಷದಲ್ಲಿ ಒಂದು ಗೇಣು ಇಳಿಯಿತು, ಅಂದರೆ ಸಿಲಿಂಡರ್ ಸೀಲ್ ಇಲ್ಲವೇ ವಾಲ್ವ್ ಹೋಗಿದೆ. ಇಷ್ಟೆಲ್ಲ ಕೊರತೆ ಹೇಳಿ ಕೊನೆಗೆ "ತಗೋರಿ" ಅಂದ. ನನಗೆ ಅರ್ಥ ಆಗಲಿಲ್ಲ. ಅವನ ಲೆಕ್ಕ ಹೀಗಿತ್ತು: ಎಂಜಿನ್, ಗೇರ್ ಚೆನ್ನಾಗಿವೆ, ಪಿನ್ನು ಬುಷ್ ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಲ್ಲಿ ಮಾಡಿಸಬಹುದು, ಸೀಲ್ ಕಿಟ್ ಸಿಗುತ್ತದೆ, ಮೇಲಾಗಿ ಇದು 2017ರದ್ದು. 2021ರ ಏಪ್ರಿಲ್ ನಂತರ ಹೊಸ ಹೊಗೆ ನಿಯಮ ಬಂದ ಮೇಲಿನ ಮಷಿನ್ ಕೆಟ್ಟರೆ ಲ್ಯಾಪ್‌ಟಾಪ್ ಹಿಡಿದವನು ಬರಬೇಕು, ಇದಕ್ಕೆ ಅವನ ಸ್ಪ್ಯಾನರ್ ಸಾಕು. ರಿಪೇರಿಗೆ 1,30,000 ಹಿಡಿದು, ಮೇಲಿನ ಮಿತಿ 10,25,000 ಅಂತ ನಾನು ಅಂಗೈ ಮೇಲೆ ಬರೆದುಕೊಂಡೆ.

ಅಂಗೈ ಮೇಲೆ ಯಾಕೆ ಅಂದರೆ ಸವಾಲಿನಲ್ಲಿ ತಲೆ ನಿಲ್ಲುವುದಿಲ್ಲ. ಐದು ಸಾವಿರದಂತೆ ಏರುತ್ತಾ ಹೋದಾಗ "ಐದು ಸಾವಿರಕ್ಕೆ ಬಿಡೋದಾ" ಅನ್ನಿಸುತ್ತದೆ. ಮುಂದಿನ ಸಾಲಿನಲ್ಲಿ ಕೂತ ಡೀಲರ್‌ಗಳು ಒಬ್ಬರಿಗೊಬ್ಬರು ಏರಿಸುವುದಿಲ್ಲ, ರೈತ ಕೈ ಎತ್ತಿದರೆ ಮಾತ್ರ ಏರಿಸುತ್ತಾರೆ ಅಂತ ನನಗೆ ಅನುಮಾನ, ಸಾಬೀತು ಮಾಡಲು ಆಗುವುದಿಲ್ಲ. ನಾನು ಈಗ ಶುರುವಿಗೆ ಕೈ ಎತ್ತುವುದೇ ಇಲ್ಲ, ಎರಡೇ ಜನ ಉಳಿದಾಗ ಎತ್ತುತ್ತೇನೆ. 9,95,000ಕ್ಕೆ ನಿಂತಿತು. ಒಪ್ಪಿಗೆ ಮೂರನೇ ದಿನಕ್ಕೆ ಬಂತು, ಹಣ ಮೊದಲೇ ತಯಾರಿತ್ತು, ಬಾಡಿಗೆ ಒಂದು ರೂಪಾಯಿ ಬೀಳಲಿಲ್ಲ. ರಿಪೇರಿ 1,52,000 ಆಯಿತು, ಮಿಸ್ತ್ರಿ ಲೆಕ್ಕಕ್ಕಿಂತ 22,000 ಜಾಸ್ತಿ, ಹಿಂದಿನ ತೋಳನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಸ್ಲೂ ಸಿಲಿಂಡರ್ ಕೆಟ್ಟದ್ದು ಅವನ ಕಣ್ಣಿಗೂ ಬಿದ್ದಿರಲಿಲ್ಲ.

ಹೊಳೆ ನೀರು ಹೊಕ್ಕ ಗಾಡಿ ಬಗ್ಗೆ ಒಂದು ಮಾತು. 2019ರ ನಂತರ ಎರಡು ವರ್ಷ ನೀರಲ್ಲಿ ಮುಳುಗಿದ ಟ್ರ್ಯಾಕ್ಟರ್‌ಗಳು ತೊಳೆದು, ಬಣ್ಣ ಹೊಡೆದು ಬರುತ್ತಿದ್ದವು. ಹೆಡ್‌ಲೈಟ್ ಗಾಜಿನ ಒಳಗೆ, ಟೂಲ್ ಬಾಕ್ಸ್ ಮೂಲೆಯಲ್ಲಿ ಎರಿ ಮಣ್ಣಿನ ಸಣ್ಣ ಪುಡಿ ಕೂತಿರುತ್ತದೆ. ಬಣ್ಣ ಹೊಡೆಯುವವರು ಅಲ್ಲಿಗೆ ಕೈ ಹಾಕುವುದಿಲ್ಲ.

ಈಗಿನ ರೇಟು ಕೇಳಿದರೆ, ನನ್ನ ಮಟ್ಟಿಗೆ ಹಳೇ ಟ್ರ್ಯಾಕ್ಟರ್ ಸವಾಲಿನ ಲಾಭ ಕಡಿಮೆ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿಯಿತು. ತೆರಿಗೆ ಬಿಟ್ಟು ಏಳು ಲಕ್ಷದ ಗಾಡಿ ಅಂದರೆ 49,000 ಕಡಿಮೆ. ಹಾಗಾದರೆ ಎರಡು ಮೂರು ವರ್ಷದ ಜಪ್ತಿ ಗಾಡಿಯೂ ಅಷ್ಟು ಇಳಿಯಬೇಕು ಅಲ್ವಾ? ಆದರೆ ಯಾರ್ಡ್‌ಗಳಲ್ಲಿ ಶುರುವಿನ ಬೆಲೆಯನ್ನು ಹಳೇ ಲೆಕ್ಕದಲ್ಲೇ ಇಟ್ಟು ಕೂತವರನ್ನು ನೋಡಿದೆ. ಅಂಥ ಕಡೆ ಚಹಾ ಕುಡಿದು ಎದ್ದು ಬರುತ್ತೇನೆ. ಎಂಟು ಹತ್ತು ವರ್ಷದ ಗಾಡಿ, ಎರಡನೇ ಟ್ರ್ಯಾಕ್ಟರ್ ಆಗಿ ಮಣ್ಣು ಪುಡಿ ಮಾಡುವ ರೋಟರ್‌ಗೆ ಬೇಕು ಅನ್ನುವವರಿಗೆ ಈಗಲೂ ಸವಾಲು ಒಳ್ಳೇದೇ.

ಬರುವ ಮೇ ತಿಂಗಳಲ್ಲಿ ಒಂದು ರೋಡ್ ರೋಲರ್ ನೋಡಬೇಕು ಅಂತಿದ್ದೇನೆ. ಮಿಸ್ತ್ರಿಗೆ ಫೋನ್ ಮಾಡಿದೆ. "ಬರ್ತೀನಿ, ಆದ್ರ ಸ್ಲೂ ಸಿಲಿಂಡರ್ ಮಾತು ದಾರ್ಯಾಗ ತೆಗೀಬ್ಯಾಡ್ರಿ" ಅಂದ.