ಬಾಳಿಕೆ ಬರುವ ಪೀಠೋಪಕರಣವನ್ನು ಆರಿಸುವ ಬಗೆ

ಕುರ್ಚಿಯನ್ನು ಕೊಳ್ಳುವ ಮುನ್ನ ಅದನ್ನು ಮಗುಚಿ ನೋಡಬೇಕು. ಅಂಗಡಿಯವರು ಹುಬ್ಬೇರಿಸಿದರೂ ಸಂಕೋಚಪಡಬೇಕಾಗಿಲ್ಲ. ಬಣ್ಣ ಮತ್ತು ಹೊಳಪು ಮರೆಮಾಡಿದ್ದೆಲ್ಲ ಅಡಿಭಾಗದಲ್ಲಿ ಬಯಲಾಗುತ್ತದೆ. ಪೀಠೋಪಕರಣಗಳು ಹಲಗೆ ಮುರಿದು ಹಾಳಾಗುವುದಕ್ಕಿಂತ ಸಂದು ಸಡಿಲಗೊಂಡು ಹಾಳಾಗುವುದೇ ಹೆಚ್ಚು. ಒಂದು ತುಂಡಿನ ತುದಿಯನ್ನು ಇನ್ನೊಂದರಲ್ಲಿ ಕೊರೆದ ರಂಧ್ರಕ್ಕೆ ಬಿಗಿಯಾಗಿ ಕೂರಿಸಿ ಅಂಟು ಹಾಕಿದ ಸಂದಿನಲ್ಲಿ ಭಾರವು ಮರದಿಂದ ಮರಕ್ಕೆ ಹಂಚಿಹೋಗುತ್ತದೆ. ಬರಿಯ ಮೊಳೆ ಹೊಡೆದು ನಿಲ್ಲಿಸಿದ ಕಡೆಯಲ್ಲಾದರೋ, ಕೂತು ಏಳುವಾಗಲೆಲ್ಲ ಮೊಳೆಯ ಸುತ್ತಲಿನ ಮರ ಸ್ವಲ್ಪಸ್ವಲ್ಪವೇ ಸವೆದು ಹಿಡಿತ ತಪ್ಪುತ್ತದೆ. ಸೋಫಾದ ಮುಂದಿನ ಒಂದು ಕಾಲನ್ನು ಸುಮಾರು 15 ಸೆಂಟಿಮೀಟರ್ ಎತ್ತಿ ನೋಡಿ. ಅಷ್ಟರಲ್ಲಿ ಮುಂದಿನ ಇನ್ನೊಂದು ಕಾಲೂ ನೆಲ ಬಿಟ್ಟಿರದಿದ್ದರೆ ಚೌಕಟ್ಟು ತಿರುಚಿಕೊಳ್ಳುತ್ತಿದೆ ಎಂದು ತಿಳಿಯಬಹುದು.

ಮರದ ಚೂರುಗಳಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಗ್ಗವೇನೋ ನಿಜ, ಆದರೆ ನೀರು ಇಳಿದರೆ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಬಿಚ್ಚಿ ಮತ್ತೆ ಜೋಡಿಸಿದಷ್ಟೂ ಅದರಲ್ಲಿ ಸ್ಕ್ರೂಗಳ ಹಿಡಿತ ಕುಂದುವುದರಿಂದ, ಆಗಾಗ ಮನೆ ಬದಲಾಯಿಸುವವರಿಗೆ ಅದು ತಕ್ಕದ್ದಲ್ಲ. ಪ್ಲೈವುಡ್‌ನ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡವಾಗಿರುವ ಕಾರಣ ಅದು ಸುಲಭವಾಗಿ ಸೀಳುವುದಿಲ್ಲ. ಅಪ್ಪಟ ಮರವೆಂದ ಮಾತ್ರಕ್ಕೆ ಉತ್ತಮವೆಂದು ನಂಬುವುದನ್ನೂ ನಾನು ಒಪ್ಪುವುದಿಲ್ಲ. ಸರಿಯಾಗಿ ಒಣಗಿಸದ ಮರ ಆಮೇಲೆ ಬಾಗುತ್ತದೆ, ಬಿರುಕು ಬಿಡುತ್ತದೆ, ಅದಕ್ಕಿಂತ ಒಳ್ಳೆಯ ಪ್ಲೈವುಡ್ ಎಷ್ಟೋ ಮೇಲು.

ಪುಸ್ತಕದ ಕಪಾಟಿನಲ್ಲಿ ಹಲಗೆಯ ದಪ್ಪವನ್ನೂ ಆಧಾರಗಳ ನಡುವಿನ ಅಂತರವನ್ನೂ ಒಟ್ಟಿಗೆ ಗಮನಿಸಬೇಕು. ಭಾರ ಅಷ್ಟೇ ಇದ್ದು ಅಂತರ ಎರಡು ಪಟ್ಟಾದರೆ ಹಲಗೆ ಎಂಟು ಪಟ್ಟು ಬಾಗುತ್ತದೆ. ಆದ್ದರಿಂದ ನಡುವೆ ಆಧಾರವಿಲ್ಲದ ಉದ್ದನೆಯ ತೆಳು ಹಲಗೆಗಳನ್ನು, ನೋಟಕ್ಕೆ ಎಷ್ಟೇ ಸೊಗಸಾಗಿದ್ದರೂ, ಬಿಡುವುದೇ ಲೇಸು. ಡ್ರಾಯರ್‌ಗಳನ್ನು ಪೂರ್ತಿ ಹೊರಗೆಳೆದು ತಳದ ಹಲಗೆ ಬಾಗುತ್ತದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದರೆ ಸಾಕು.

ಮೆತ್ತೆಯ ವಿಷಯದಲ್ಲಿ ಮೋಸಹೋಗುವುದು ಸುಲಭ, ಏಕೆಂದರೆ ಫೋಮ್ ಮೆತ್ತಗಿದೆಯೋ ಗಟ್ಟಿಯಾಗಿದೆಯೋ ಎಂಬುದಕ್ಕೂ ಅದರ ಬಾಳಿಕೆಯನ್ನು ಸೂಚಿಸುವ ಸಾಂದ್ರತೆಗೂ ನೇರ ಸಂಬಂಧವಿಲ್ಲ. ದಿನವೂ ಬಳಸುವ ಆಸನಕ್ಕೆ ಪ್ರತಿ ಘನ ಮೀಟರಿಗೆ 30 ಕಿಲೋಗ್ರಾಂಗಿಂತ ಹೆಚ್ಚು ಸಾಂದ್ರತೆಯ ಫೋಮ್ ಇದೆಯೇ ಎಂದು ಕೇಳಿ. ಹೊದಿಕೆಯನ್ನೂ ಮೆತ್ತೆಯನ್ನೂ ಬದಲಾಯಿಸಲು ಸಾಧ್ಯವೇ ಎಂಬುದನ್ನೂ ವಿಚಾರಿಸಿ.

ಎಲ್ಲಕ್ಕೂ ದುಬಾರಿ ವಸ್ತುವೇ ಬೇಕೆಂದಿಲ್ಲ. ಅಲಂಕಾರದ ಪುಟ್ಟ ಮೇಜು ಅಗ್ಗದ್ದಾದರೆ ನಷ್ಟವೇನಿಲ್ಲ. ಹಣ ಕಡಿಮೆಯಿದ್ದರೆ ಮಂಚ, ಸೋಫಾ, ಕೆಲಸದ ಕುರ್ಚಿಗಳಿಗೆ ಅದನ್ನು ಮೀಸಲಿಟ್ಟು, ಉಳಿದವುಗಳನ್ನು ಬಳಸಿದ ಪೀಠೋಪಕರಣಗಳಲ್ಲಿ ಹುಡುಕಬಹುದು. ಹಲವು ವರ್ಷ ಬಳಸಿದ ಮೇಲೂ ಅಲುಗಾಡದ ಸಂದುಗಳು ಅಲ್ಲಿ ಕಣ್ಣಿಗೇ ಕಾಣಸಿಗುತ್ತವೆ.