ಮೊದಲು ಸರ್ವರ್ ನೋಡಿ, ಆಮೇಲೆ ಭಾಷೆ ಆರಿಸಿ

ಹೊಸ ಪ್ರಾಜೆಕ್ಟ್ ಬಂತೆಂದರೆ ಮೀಟಿಂಗಿನಲ್ಲಿ ಮೊದಲು ಶುರುವಾಗುವುದು ಯಾವ ಪ್ರೋಗ್ರಾಮಿಂಗ್ ಭಾಷೆ, 'ಗೋನಾ, ರಸ್ಟಾ' ಎಂಬ ಜಗಳ. ಕೋಡ್ ಓಡಬೇಕಾದ ಮಷೀನ್ ಎಂಥದ್ದು ಅಂತ ಕೇಳುವವರೇ ಇರುವುದಿಲ್ಲ. ನಾನೂ ಕೇಳದೆ ಪೆಟ್ಟು ತಿಂದವನೇ.

1. ಸರ್ವರಿಗೆ ಲಾಗಿನ್ ಆಗಿ. ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಕೋಡ್ ನಿಜವಾಗಿ ಓಡುವ ಪ್ರೊಡಕ್ಷನ್ ಮಷೀನಿಗೆ. 'ಫ್ರೀ' ಕಮಾಂಡ್ ಕೊಟ್ಟರೆ ಮೆಮೊರಿ ಎಷ್ಟಿದೆ ಅಂತ ತಿಳಿಯುತ್ತದೆ. 1 ಜಿಬಿ ಮಾತ್ರ ಇದ್ದರೆ ಜಾವಾ ಬಗ್ಗೆ ಎರಡು ಸಲ ಯೋಚಿಸಿ. ಮಿತಿ ಹೇಳದಿದ್ದರೆ ಜೆವಿಎಂ (ಜಾವಾ ಕೋಡ್ ಓಡಿಸುವ ಪ್ರೋಗ್ರಾಂ) ಸಾಮಾನ್ಯವಾಗಿ ಮೆಮೊರಿಯ ಕಾಲು ಭಾಗವನ್ನಷ್ಟೇ ಹೀಪ್‌ಗೆ (ಕೋಡ್ ತನ್ನ ಡೇಟಾ ಇಡುವ ಜಾಗಕ್ಕೆ) ಗರಿಷ್ಠ ಮಿತಿಯಾಗಿ ಇಟ್ಟುಕೊಳ್ಳುತ್ತದೆ. ಉಳಿದದ್ದು ಖಾಲಿ ಬಿದ್ದಿದ್ದರೂ 'ಔಟ್ ಆಫ್ ಮೆಮೊರಿ' ಅಂತ ಕೈಯೆತ್ತುತ್ತದೆ.

ಆಮೇಲೆ 'ಎಲ್‌ಡಿಡಿ' ಕಮಾಂಡಿನಿಂದ ಜಿ-ಲಿಬ್‌ಸಿ (ಲಿನಕ್ಸ್‌ನಲ್ಲಿ ಹೆಚ್ಚಿನ ಪ್ರೋಗ್ರಾಂಗಳು ಆತುಕೊಳ್ಳುವ ಮೂಲ ಸಿ ಲೈಬ್ರರಿ) ಆವೃತ್ತಿ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಹಳೆಯ ಲಿನಕ್ಸ್ ಆದ ಸೆಂಟ್‌ಓಎಸ್ 7ರಲ್ಲಿ ಇರುವುದು 2.17, ಅದಕ್ಕಿಂತ ಹೊಸದಾದ ಉಬುಂಟು 22.04ರಲ್ಲಿ 2.35. ಹಳೆಯದರಲ್ಲಿ ಬಿಲ್ಡ್ ಮಾಡಿದ್ದು ಹೊಸದರಲ್ಲಿ ಓಡೀತು, ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ಓಡುವ ಭರವಸೆ ಇಲ್ಲ. ಒಬ್ಬ ಕ್ಲೈಂಟ್‌ಗೆ ಉಬುಂಟುವಿನಲ್ಲಿ ಬಿಲ್ಡ್ ಮಾಡಿದ ರಸ್ಟ್ ಬೈನರಿ (ನೇರವಾಗಿ ಓಡುವ ಫೈಲು) ಹೊತ್ತುಕೊಂಡು ಹೋದೆ. ಅಲ್ಲಿದ್ದದ್ದು ಸೆಂಟ್‌ಓಎಸ್ 7, ಇಂಟರ್ನೆಟ್ಟೂ ಇಲ್ಲ. ಮೊದಲ ಸಾಲಿನಲ್ಲೇ 'ಬೇಕಾದ ಜಿ-ಲಿಬ್‌ಸಿ ಆವೃತ್ತಿ ಸಿಗಲಿಲ್ಲ' ಅಂತ ಬಂತು. ಮಸಲ್ (ಜಿ-ಲಿಬ್‌ಸಿ ಬದಲು ಬಳಸುವ ಚಿಕ್ಕ ಸಿ ಲೈಬ್ರರಿ, ಬೈನರಿಯೊಳಗೇ ಸೇರಿಕೊಳ್ಳುತ್ತದೆ) ಟಾರ್ಗೆಟ್‌ಗೆ ಬಿಲ್ಡ್ ಮಾಡಿದ್ದರೆ ಆ ರಾತ್ರಿ ಮನೆಯಲ್ಲಿ ಮಲಗಿರುತ್ತಿದ್ದೆ. ಗೋದಲ್ಲಿ ಸಿಗೋ (ಸಿ ಕೋಡ್ ಜೊತೆ ಬೆಸೆಯುವ ಸೌಲಭ್ಯ) ಆಫ್ ಮಾಡಿ ಬಿಲ್ಡ್ ಮಾಡಿದರೆ ಈ ತಂಟೆಯೇ ಇಲ್ಲ: ಒಂದೇ ಫೈಲು, ಕಾಪಿ ಮಾಡಿ, ಓಡಿಸಿ. ಇಂಟರ್ನೆಟ್ ಇಲ್ಲದ ಸರ್ವರಿಗೆ ನನ್ನ ಓಟು ಯಾವತ್ತೂ ಗೋಗೇ.

ಪೈಥಾನ್‌ನವರಿಗೆ ಒಂದು ಮಾತು: ಕಂಟೇನರ್ ಇಮೇಜ್ ಚಿಕ್ಕದಾಗುತ್ತದೆ ಅಂತ ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ಹಾಕಬೇಡಿ. ಅದರಲ್ಲಿರುವುದು ಮಸಲ್. ಅದಕ್ಕೆ ಹೊಂದುವ ವೀಲ್ (ಮೊದಲೇ ಬಿಲ್ಡ್ ಮಾಡಿಟ್ಟ ಪ್ಯಾಕೇಜ್) ಸಿಗದಿದ್ದರೆ ಪೈಥಾನ್ ಪ್ಯಾಕೇಜ್ ಹಾಕುವ ಪಿಪ್, ಸೋರ್ಸ್‌ನಿಂದ ಕಂಪೈಲ್ ಮಾಡಲು ಕೂರುತ್ತದೆ, ನೀವು ಎರಡು ಕಾಫಿ ಮುಗಿಸುತ್ತೀರಿ. ಜಿ-ಲಿಬ್‌ಸಿ ಇರುವ ಡೆಬಿಯನ್ ಸ್ಲಿಮ್ ಇಮೇಜ್ ಸಾಕು.

2. ರಾತ್ರಿ 2 ಗಂಟೆಗೆ ಲಾಗ್ ತೆರೆಯುವವರು ಯಾರು? ಅವರಿಗೆ ಬರುವ ಭಾಷೆಯೇ ನಿಮ್ಮ ಭಾಷೆ. ಆರು ಜನರಲ್ಲಿ ಐವರಿಗೆ ಪಿಎಚ್‌ಪಿ ಬಂದರೆ ಪಿಎಚ್‌ಪಿಯೇ ಇರಲಿ, ನಾಚಿಕೆ ಬೇಡ. ರಸ್ಟ್ ಬಲ್ಲವನು ಒಬ್ಬನೇ ಇದ್ದು, ಅವನು ಪೇಪರ್ ಹಾಕಿದರೆ ಉಳಿದವರು 'ಬಾರೋ ಚೆಕರ್' (ಮೆಮೊರಿ ತಪ್ಪುಗಳನ್ನು ಕಂಪೈಲ್ ಆಗುವಾಗಲೇ ಹಿಡಿಯುವ ರಸ್ಟ್‌ನ ಪರೀಕ್ಷಕ) ಜೊತೆ ಗುದ್ದಾಡುತ್ತಾ ಕೂರಬೇಕು.

3. ಬೇಕಾದ ಡೇಟಾಬೇಸ್ ಡ್ರೈವರ್, ಪೇಮೆಂಟ್ ಲೈಬ್ರರಿ ಇವೆಯಾ ನೋಡಿಕೊಳ್ಳಿ.

4. 'ಹಲೋ' ಅನ್ನುವಷ್ಟು ಮಾತ್ರ ಕೋಡ್ ಬರೆದು ಅದೇ ಸರ್ವರಿಗೆ ಹಾಕಿ, ಹಿಂದಿನ ಆವೃತ್ತಿಗೆ ವಾಪಸ್ ತನ್ನಿ. ಇದಕ್ಕೆ ಅರ್ಧ ದಿನಕ್ಕಿಂತ ಹೆಚ್ಚು ಹಿಡಿದರೆ ಮತ್ತೆ ಒಂದನೇ ಹಂತಕ್ಕೆ ಹೋಗಿ.